ಹಳೆ ಕಟ್ಟಡ ಉಳಿಸುವ ಓದು: ಕೊಡಗಿನಿಂದ ಹೊರಡುವವರು ಕೋರ್ಸ್ ಆರಿಸುವುದು ಹೇಗೆ?

ನಮ್ಮ ನೆಂಟರ ಹುಡುಗಿಯೊಬ್ಬಳು ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಕೊನೆಯ ವರ್ಷದಲ್ಲಿದ್ದಾಳೆ. ಕಳೆದ ಮಳೆಗಾಲದಲ್ಲಿ ಮನೆಗೆ ಬಂದಾಗ ಫೋನಿನಲ್ಲಿ ಹದಿನೇಳು ಕಾಲೇಜುಗಳ ಪಟ್ಟಿ ಇಟ್ಟುಕೊಂಡಿದ್ದಳು. "ಮಾವ, ಹಳೆ ಕಟ್ಟಡ ಉಳಿಸೋ ಕೆಲಸ ಕಲೀಬೇಕು. ಇದ್ರಲ್ಲಿ ಯಾವುದು ಒಳ್ಳೇದು?" ಎಂದು ಕೇಳಿದಳು. ಮಳೆ ಸ್ವಲ್ಪ ಬಿಟ್ಟಿತ್ತು. ಅವಳನ್ನು ನಮ್ಮ ಐನ್‌ಮನೆಗೆ, ಅಂದರೆ ಕುಲದವರೆಲ್ಲರ ಮೂಲ ಮನೆಗೆ, ಕರೆದುಕೊಂಡು ಹೋಗಿ ಕೈಯಾಲೆಯ (ಜಗಲಿಯ) ಮೂಲೆಯ ಕಂಬ ತೋರಿಸಿದೆ. ಹಲಸಿನ ಮರದ ಕಂಬ. ಮೇಲೆಲ್ಲ ಗಟ್ಟಿಯಾಗಿದೆ, ಕೆತ್ತನೆ ಇನ್ನೂ ಸ್ಪಷ್ಟವಾಗಿದೆ. ಬುಡದಲ್ಲಿ ಮಾತ್ರ ಒಂದು ಗೇಣಿನಷ್ಟು ಕೊಳೆತು ಪುಡಿಯಾಗಿದೆ.

"ಇದಕ್ಕೆ ಏನು ಮಾಡ್ತೀಯಾ?" ಎಂದೆ.

ಅವಳು ತುಂಬ ಹೊತ್ತು ನೋಡಿದಳು. "ಗೊತ್ತಿಲ್ಲ ಮಾವ. ಇದನ್ನ ತೆಗೆದು ಬೇರೆ ಕಂಬ ನಿಲ್ಲಿಸೋದು ಗೊತ್ತು. ಇದನ್ನೇ ಉಳಿಸೋದನ್ನ ಯಾರೂ ಹೇಳಿಕೊಟ್ಟಿಲ್ಲ."

ಯಾವ ಕೋರ್ಸ್ ಈ ಪ್ರಶ್ನೆಗೆ ಉತ್ತರ ಕಲಿಸುತ್ತದೋ ಅದೇ ನಿಮ್ಮ ಕೋರ್ಸ್. ರ‍್ಯಾಂಕಿಂಗ್, ಊರು, ಹೆಸರು ಎಲ್ಲ ಆಮೇಲೆ. ನಾನು ಈ ಕೆಲಸಕ್ಕೆ ಬಂದು ಹಲವು ವರ್ಷಗಳಾದವು. ಓದಲು ಹೊರಟಾಗ ನನಗೆ ಯಾರೂ ಹೇಳದಿದ್ದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಲೇಜಿಗಿಂತ ಮೊದಲು ಕಟ್ಟಡ ಆರಿಸಿ

"ಪರಂಪರೆ ಉಳಿಸಬೇಕು" ಅನ್ನುವುದು ಒಳ್ಳೆಯ ಆಸೆ. ಆದರೆ ಅಷ್ಟರಿಂದ ಕೋರ್ಸ್ ಆರಿಸಲು ಆಗುವುದಿಲ್ಲ. ಯಾವ ಥರದ ಕಟ್ಟಡದ ಜೊತೆ ಬದುಕು ಕಳೆಯಲು ಇಷ್ಟ ಎಂದು ಮೊದಲು ಕೇಳಿಕೊಳ್ಳಿ. ಇದಕ್ಕೆ ದೂರ ಹೋಗಬೇಕಾಗಿಲ್ಲ. ಕೊಡಗಿನಲ್ಲೇ ಒಂದು ವಾರ ಸುತ್ತಿ.

ಮಡಿಕೇರಿ ಕೋಟೆಯಿಂದ ಶುರು ಮಾಡಿ. ಮೊದಲು ಮಣ್ಣಿನ ಕೋಟೆ ಇತ್ತು. ಟಿಪ್ಪು ಕಾಲದಲ್ಲಿ ಕಲ್ಲಿನದಾಯಿತು. ಒಳಗಿನ ಅರಮನೆಯನ್ನು 1812-14ರ ಹೊತ್ತಿಗೆ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ. ಬ್ರಿಟಿಷರು ಅಲ್ಲೇ ಚರ್ಚ್ ಕಟ್ಟಿದರು, ಅದು ಈಗ ಮ್ಯೂಸಿಯಂ. ಅರಮನೆಯಲ್ಲಿ ಬಹಳ ವರ್ಷ ಸರ್ಕಾರಿ ಕಚೇರಿಗಳಿದ್ದವು. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಂದರೆ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷೇಧಿಸಿದ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಇಂಥ ಕಡೆ ಕೆಲಸ ಮಾಡುವವರಿಗೆ ಕಾನೂನು ಗೊತ್ತಿರಬೇಕು. ಹಳೆ ಗೋಡೆಯ ಬಲ ಲೆಕ್ಕ ಹಾಕಲು ಬರಬೇಕು. ಇಲಾಖೆಗಳ ಜೊತೆ ತಾಳ್ಮೆಯಿಂದ ಮಾತಾಡಲೂ ಬರಬೇಕು.

ಅಲ್ಲಿಂದ ಕೆಳಗಿಳಿದರೆ ಓಂಕಾರೇಶ್ವರ. 1820ರ ದೇವಸ್ಥಾನ. ನಡುವೆ ಗುಮ್ಮಟ, ಮೂಲೆಗಳಲ್ಲಿ ಮಿನಾರದಂಥ ಗೋಪುರ, ಮುಂದೆ ಕಲ್ಯಾಣಿ. ಇದು ಪ್ರತಿದಿನ ಪೂಜೆ ನಡೆಯುವ ಕಟ್ಟಡ. ಭಕ್ತರನ್ನು ಹೊರಗಿಟ್ಟು ರಿಪೇರಿ ಮಾಡುವ ಹಾಗಿಲ್ಲ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಗೆ ಹೋದರೆ ಮರದ ಕೆತ್ತನೆ ಮತ್ತು ಗೋಡೆಯ ಚಿತ್ರಗಳಿವೆ. ಅದನ್ನು ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ. ಚಿತ್ರದ ಬಣ್ಣ ಏಕೆ ಉದುರುತ್ತಿದೆ ಅನ್ನುವ ಪ್ರಶ್ನೆ ನಿಮ್ಮನ್ನು ಕಾಡಿದರೆ ನಿಮಗೆ ಬೇಕಾದದ್ದು ರಸಾಯನ ಪ್ರಯೋಗಾಲಯ ಇರುವ ಕೋರ್ಸ್. ತೋಟದ ಹಳೆ ಬಂಗಲೆಗಳನ್ನು ಹೋಮ್‌ಸ್ಟೇ ಮಾಡುವ ಕೆಲಸ ಇಷ್ಟವಾದರೆ, ಹಳೆ ಕಟ್ಟಡಕ್ಕೆ ಹೊಸ ಬಳಕೆ ಕೊಡುವ ವಿನ್ಯಾಸ ಸ್ಟುಡಿಯೊ ಜಾಸ್ತಿ ಇರುವ ಕಡೆ ನೋಡಿ.

ಇನ್ನು ಐನ್‌ಮನೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಕೊಡಗಿನ ಮಕ್ಕಳನ್ನು ಈ ಓದಿನ ಕಡೆ ತರುವುದು ಹೆಚ್ಚಾಗಿ ಅದೇ. ಓಣಿಯಲ್ಲಿ ನಡೆದು ಬಂದು, ಕಳ (ಕಣ) ದಾಟಿ, ಕೈಯಾಲೆ ಹತ್ತಿ, ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯ ದೀಪಕ್ಕೆ ಕೈ ಮುಗಿಯುತ್ತೀರಿ. ಕೆಲವು ಮನೆಗಳಲ್ಲಿ ನಡುವೆ ಆಕಾಶಕ್ಕೆ ತೆರೆದ ನಡುಮುಟ್ಟ ಇದೆ. ಪಕ್ಕದಲ್ಲಿ ಹಿರಿಯರ ಪೂಜೆಯ ಕೋಣೆ ಕನ್ನಿ ಕೊಂಬರೆ, ಹೊರಗೆ ಹಿರಿಯರ ಗುಡಿ ಕೈಮಡ. ಇವುಗಳಲ್ಲಿ ಯಾವುದೂ ಬರೀ ಕೋಣೆ ಅಲ್ಲ. ಕನ್ನಿ ಕೊಂಬರೆಯನ್ನು ಸ್ಟೋರ್ ರೂಮ್ ಮಾಡಿ ಅನ್ನುವ ವಿನ್ಯಾಸಗಾರ ಈ ಮನೆಗೆ ಬೇಡ.

ಐನ್‌ಮನೆಗೆ ಒಬ್ಬ ಮಾಲೀಕ ಇಲ್ಲ. ಇಡೀ ಒಕ್ಕದ್ದು, ಅಂದರೆ ಒಂದು ಕುಲದವರೆಲ್ಲರದ್ದು. ಒಕ್ಕದ ಹಿರಿಯರಾದ ಪಟ್ಟೆದಾರರು ಊರಲ್ಲಿದ್ದಾರೆ, ಅರ್ಧ ಜನ ಬೆಂಗಳೂರಿನಲ್ಲಿ, ಕೆಲವರು ಹೊರದೇಶದಲ್ಲಿ. ಹಂಚು ಬದಲಾಯಿಸಲು ಕೂಡ ಹತ್ತಾರು ಜನ ಒಪ್ಪಬೇಕು, ಹಣ ಕೂಡಿಸಬೇಕು. ಸರ್ಕಾರದ ಯಾವ ಪಟ್ಟಿಯಲ್ಲೂ ಇಲ್ಲದ ಮನೆಗಳೇ ಜಾಸ್ತಿ. ಹಾಗಾಗಿ ಇವುಗಳನ್ನು ಉಳಿಸುವ ಭಾರ ಪೂರ್ತಿ ಮನೆಯವರ ಮೇಲಿದೆ. ಸಂರಕ್ಷಣೆಯ ಬಹಳ ಕೋರ್ಸ್‌ಗಳು ಕಲ್ಲಿನ ಸ್ಮಾರಕದ ಸುತ್ತ ಬೆಳೆದವು. ಐನ್‌ಮನೆಗೆ ಬೇಕಾದದ್ದು ಮರ, ಮಣ್ಣು, ಹಂಚು, ಮಳೆ ಮತ್ತು ಜನರ ಪಾಠ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಪದವಿಯ ಹೆಸರಲ್ಲಿ ಮೋಸ ಹೋಗಬೇಡಿ

ಒಂದೇ ಕೆಲಸಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಹೆಸರು. ನಮ್ಮಲ್ಲಿ ಮತ್ತು ಬ್ರಿಟನ್‌ನಲ್ಲಿ ಕನ್ಸರ್ವೇಶನ್ ಅನ್ನುತ್ತಾರೆ. ಅಮೆರಿಕದಲ್ಲಿ ಹಿಸ್ಟಾರಿಕ್ ಪ್ರಿಸರ್ವೇಶನ್. ಅಲ್ಲಿ ಆರ್ಕಿಟೆಕ್ಚರಲ್ ಕನ್ಸರ್ವೇಶನ್ ಅಂದರೆ ಹೆಚ್ಚಾಗಿ ಕಲ್ಲು, ಗಾರೆ, ಮರದ ವಿಜ್ಞಾನ. ಇಟಲಿಯಲ್ಲಿ ರೆಸ್ತಾವ್ರೊ. ಒಂದೇ ಪದ ಹಾಕಿ ಹುಡುಕಿದರೆ ಅರ್ಧ ಕೋರ್ಸ್‌ಗಳು ಕಣ್ಣಿಗೇ ಬೀಳುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಭಾರತದಲ್ಲಿ ಆರ್ಕಿಟೆಕ್ಟ್ ಎಂದು ಕರೆಸಿಕೊಳ್ಳಲು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನ ನೋಂದಣಿ ಬೇಕು. 1972ರ ಕಾಯ್ದೆ ಹಾಗೆ ಹೇಳುತ್ತದೆ. ಮಾನ್ಯತೆ ಇರುವ ಬಿ.ಆರ್ಕ್ ಮುಗಿಸಿದವರಿಗೆ ಅದು ಸಿಗುತ್ತದೆ. ಆದ್ದರಿಂದ ಅದರ ಮೇಲಿನ ಸ್ನಾತಕೋತ್ತರ ಎಂ.ಆರ್ಕ್ ನಿಮಗೆ ಹೆಚ್ಚಿನ ಪರಿಣತಿ ಕೊಡುತ್ತದೆ, ಲೈಸೆನ್ಸ್ ಅಲ್ಲ. ಅಮೆರಿಕದಲ್ಲಿ ಹಿಸ್ಟಾರಿಕ್ ಪ್ರಿಸರ್ವೇಶನ್‌ನ ಎಂ.ಎಸ್ ಪದವಿಯೊಂದರಿಂದಲೇ ಅಲ್ಲಿ ಲೈಸೆನ್ಸ್ ಪಡೆದ ಆರ್ಕಿಟೆಕ್ಟ್ ಆಗಲು ಆಗದು. ಅದಕ್ಕೆ ಸಾಮಾನ್ಯವಾಗಿ ಅಲ್ಲಿನ ಮಾನ್ಯತೆ ಪಡೆದ ವೃತ್ತಿಪರ ಆರ್ಕಿಟೆಕ್ಚರ್ ಪದವಿ ಬೇಕು. ಅಲ್ಲೇ ನೆಲೆಸುವ ಆಸೆ ಇದ್ದವರು ಇದನ್ನು ಸೇರುವ ಮೊದಲೇ ತಿಳಿದಿರಬೇಕು. ವಾಪಸ್ ಬರುವವರಿಗೆ ಇದರಿಂದ ತೊಂದರೆ ಇಲ್ಲ.

ಸಿಲಬಸ್‌ನಲ್ಲಿ ಆ ಕಂಬವನ್ನು ಹುಡುಕಿ

ನಮ್ಮ ಕಂಬ ಏಕೆ ಕೊಳೆಯಿತು ಗೊತ್ತಾ? ತಪ್ಪು ಕಂಬದ್ದಲ್ಲ. ಎಷ್ಟೋ ವರ್ಷದ ಹಿಂದೆ ನಮ್ಮ ಹಿರಿಯರು ಮನೆ ಚೆನ್ನಾಗಿರಲಿ ಎಂದು ಕೈಯಾಲೆಗೆ ಸಿಮೆಂಟ್ ನೆಲ ಹಾಕಿಸಿದರು. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಮಣ್ಣಿನ ಗೋಡೆ ನೀರು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಸಿಮೆಂಟ್ ಆ ಉಸಿರಾಟ ನಿಲ್ಲಿಸಿತು. ತೇವ ಗೋಡೆಯೊಳಗೇ ಉಳಿಯಿತು. ಕಂಬದ ಬುಡದ ಸುತ್ತ ನೆಲ ಎತ್ತರವಾಗಿ ನೀರು ನಿಂತಿತು. ಮೇಲೆ ಎರಡು ಹಂಚು ಸರಿದಿದ್ದವು. ಕೊಳೆತ ಮರಕ್ಕೆ ಗೆದ್ದಲು ಬಂತು. ಹೊಸ ಕಂಬ ನಿಲ್ಲಿಸಿದ್ದರೆ ಅದೂ ಕೆಲವು ಮಳೆಗಾಲದಲ್ಲಿ ಹೀಗೇ ಆಗುತ್ತಿತ್ತು.

ಈ ಒಂದು ಕಂಬಕ್ಕೆ ಎಷ್ಟು ಪಾಠ ಬೇಕು ನೋಡಿ. ಮೊದಲು ಅಳತೆ ತೆಗೆದು ದಾಖಲಿಸಬೇಕು. ಟೇಪ್ ಮತ್ತು ಪೆನ್ಸಿಲ್‌ನಿಂದ ಹಿಡಿದು ಟೋಟಲ್ ಸ್ಟೇಷನ್ ಎಂಬ ಸರ್ವೆ ಉಪಕರಣ, ಲೇಸರ್ ಸ್ಕ್ಯಾನಿಂಗ್, ಫೋಟೊಗಳಿಂದ ಅಳತೆ ತೆಗೆಯುವ ಫೋಟೊಗ್ರಾಮೆಟ್ರಿ ತನಕ. ಆಮೇಲೆ ಕಾರಣ ಹುಡುಕಬೇಕು: ತೇವ ಎಲ್ಲಿಂದ, ಮರ ಯಾವುದು, ಒಳಗೆ ಎಷ್ಟು ಗಟ್ಟಿ ಉಳಿದಿದೆ. ಆಮೇಲೆ ರಿಪೇರಿ: ಕೊಳೆತಷ್ಟನ್ನೇ ಕತ್ತರಿಸಿ, ಅದೇ ಜಾತಿಯ ಒಣಗಿದ ಮರವನ್ನು ಬಿಗಿಯಾಗಿ ಕೂಡುವಂತೆ ಕೆತ್ತಿ ಜೋಡಿಸುವುದು. ಆಗ ಮಾಡಿನ ಭಾರ ಯಾವುದರ ಮೇಲೆ ನಿಲ್ಲಿಸುತ್ತೀರಿ? ಅದು ರಚನಾ ಎಂಜಿನಿಯರಿಂಗ್. ಹೊಸ ತುಂಡನ್ನು ಹಳೆಯದರಂತೆ ಕಾಣಿಸಬೇಕೋ, ಬೇರೆ ಎಂದು ತಿಳಿಯಬೇಕೋ? ಅದು ತತ್ವದ ಪ್ರಶ್ನೆ. ಸಂರಕ್ಷಣೆಯ ತತ್ವಗಳನ್ನು ಹೇಳುವ 1964ರ ಅಂತರರಾಷ್ಟ್ರೀಯ ವೆನಿಸ್ ಸನ್ನದು ಹೊಸ ಸೇರ್ಪಡೆ ಬೇರೆ ಎಂದು ಗುರುತು ಸಿಗಬೇಕು ಎನ್ನುತ್ತದೆ. ಮರದ ಕಟ್ಟಡಗಳ ನಾಡಾದ ಜಪಾನಿನಲ್ಲಿ 1994ರಲ್ಲಿ ಬಂದ ನಾರಾ ದಾಖಲೆ, ಅಸಲಿತನವನ್ನು ಆಯಾ ಸಂಸ್ಕೃತಿಯ ಒಳಗಿನಿಂದ ನೋಡಬೇಕು ಎನ್ನುತ್ತದೆ. ಪರಂಪರೆ ಉಳಿಸುವ ನಮ್ಮ ದೇಶದ ಸಂಸ್ಥೆ ಇಂಟ್ಯಾಕ್‌ನ 2004ರ ಸನ್ನದು ಸರ್ಕಾರದ ರಕ್ಷಣೆಯ ಪಟ್ಟಿಗೆ ಸೇರದ ಕಟ್ಟಡಗಳ ಬಗ್ಗೆಯೇ ಬಂದದ್ದು, ಕಟ್ಟುವ ಕುಶಲಕರ್ಮಿಯ ಜ್ಞಾನಕ್ಕೂ ಬೆಲೆ ಕೊಡುತ್ತದೆ. ಈ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿಸದ ಕೋರ್ಸ್ ನನಗೆ ಅರೆಬೆಂದದ್ದು ಅನ್ನಿಸುತ್ತದೆ.

ಹಾಗಾಗಿ ಸಿಲಬಸ್ ಇಳಿಸಿಕೊಂಡು ಕೆಂಪು ಪೆನ್ನು ಹಿಡಿದು ಕೂರಿ. ದಾಖಲೀಕರಣ, ಕಟ್ಟಡ ಸಾಮಗ್ರಿ, ರಚನೆ, ತತ್ವ ಮತ್ತು ಕಾನೂನು, ಜನರ ಜೊತೆಗಿನ ಕೆಲಸ. ಪ್ರತಿಯೊಂದಕ್ಕೂ ಎಷ್ಟು ಗಂಟೆ ಕೊಟ್ಟಿದ್ದಾರೆ ಎಂದು ಗುರುತು ಹಾಕಿ. ಎಲ್ಲವೂ ಉಪನ್ಯಾಸವೇ ಆಗಿದ್ದರೆ ಅನುಮಾನಪಡಿ. ಸೈಟ್ ಎಷ್ಟು ವಾರ? ಸುಣ್ಣ ಕಲಸುವ, ಮರ ಕೆತ್ತುವ ಜಾಗ ಇದೆಯಾ?

ಇಲ್ಲಿ ನನ್ನದೇ ಅನುಭವ ಹೇಳಬೇಕು. ನಾನು ಸೇರಿದ ಕಡೆ ಮಾಹಿತಿ ಪುಸ್ತಕದಲ್ಲಿ ಸಾಮಗ್ರಿ ಪ್ರಯೋಗಾಲಯ ಇದೆ ಎಂದು ಅಚ್ಚಾಗಿತ್ತು. ಹೋದ ಮೇಲೆ ನೋಡಿದರೆ ಅದಕ್ಕೆ ಬೀಗ. ಎರಡು ವರ್ಷದಲ್ಲಿ ಸುಣ್ಣ ಮುಟ್ಟಿದ್ದು ಒಂದೇ ದಿನ. ಆಮೇಲೆ ಅದನ್ನು ಕಲಿತದ್ದು ಹಳೆ ಗಾರೆ ಕೆಲಸದವರೊಬ್ಬರ ಕೈಕೆಳಗೆ, ಸಂಬಳ ಇಲ್ಲದೆ. ಆ ಎರಡು ವರ್ಷ ವಾಪಸ್ ಬರಲಿಲ್ಲ. ನೀವು ಹಾಗೆ ಕಳೆದುಕೊಳ್ಳಬೇಡಿ.

ಇನ್ನೊಂದು ಸುಲಭ ಪರೀಕ್ಷೆ: ಹಿಂದಿನ ಐದು ವರ್ಷದ ವಿದ್ಯಾರ್ಥಿಗಳ ಥೀಸಿಸ್ ಹೆಸರುಗಳನ್ನು ಓದಿ. ಎಲ್ಲವೂ ದೊಡ್ಡ ಕೋಟೆ, ದೊಡ್ಡ ನಗರ ಆಗಿದ್ದರೆ ನಿಮ್ಮ ಮರದ ಮನೆಗೆ ಗೈಡ್ ಸಿಗುವುದು ಕಷ್ಟ. 2018ರ ಆಗಸ್ಟ್‌ನಲ್ಲಿ ನಮ್ಮ ಬೆಟ್ಟಗಳು ಜಾರಿದ್ದನ್ನು ಕಂಡವರಿಗೆ ಇದನ್ನೂ ಹೇಳುತ್ತೇನೆ: ಭೂಕುಸಿತ, ನೆರೆ, ಭೂಕಂಪದಂಥ ಅಪಾಯ ಮತ್ತು ಹಳೆ ಕಟ್ಟಡ ಎಂಬ ವಿಷಯ ಸಿಲಬಸ್‌ನಲ್ಲಿ ಇದೆಯಾ ನೋಡಿ. ಕೊಡಗಿಗೆ ಅದು ಬೇಕೇ ಬೇಕು.

ನಮ್ಮ ದೇಶದಲ್ಲೇ

ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ (ಎಸ್‌ಪಿಎ) ಸಂರಕ್ಷಣೆಗೇ ಮೀಸಲಾದ ಎಂ.ಆರ್ಕ್ ಇದೆ. ಭೋಪಾಲ್ ಮತ್ತು ವಿಜಯವಾಡದ ಎಸ್‌ಪಿಎಗಳಲ್ಲೂ ಇದೆ. ಎರಡೂ 2008ರಲ್ಲಿ ಶುರುವಾದ ಸಂಸ್ಥೆಗಳು. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಇಂಥ ಸಂಸ್ಥೆಗಳಿಗೆ ಗೇಟ್ ಪರೀಕ್ಷೆಯ ಆರ್ಕಿಟೆಕ್ಚರ್ ಮತ್ತು ಪ್ಲಾನಿಂಗ್ ಪತ್ರಿಕೆ ಬರೆಯಬೇಕು. ಅಂಕ ಮೂರು ವರ್ಷ ನಡೆಯುತ್ತದೆ. ಹಾಗಾಗಿ ಬಿ.ಆರ್ಕ್ ಮುಗಿಯುವಾಗಲೇ ಬರೆದಿಟ್ಟು, ಒಂದೆರಡು ವರ್ಷ ಕೆಲಸ ಮಾಡಿ ಸೇರಬಹುದು. ಗೇಟ್ ಅಂಕದ ಮೇಲೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸಹಾಯಧನ ಇದೆ.

ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ ಸಂರಕ್ಷಣೆ ಮತ್ತು ಪುನರುಜ್ಜೀವನ ಎಂಬ ಸ್ನಾತಕೋತ್ತರ ಕೋರ್ಸ್ ಇದೆ. ಶುಲ್ಕ ಸರ್ಕಾರಿ ಸಂಸ್ಥೆಗಿಂತ ಜಾಸ್ತಿ. ಆದರೆ ಆ ಊರೇ ಒಂದು ತರಗತಿ. ಅಹಮದಾಬಾದಿನ ಹಳೆ ನಗರ 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ಪೋಳ್ ಎಂಬ ಹಳೆ ಕೇರಿಗಳಲ್ಲಿ ಜನ ವಾಸವಾಗಿರುವ ಮರದ ಮನೆಗಳಿವೆ. ಒಂದೇ ಮನೆಗೆ ಹಲವು ವಾರಸುದಾರರು, ಕೈಬಿಟ್ಟ ಕೋಣೆಗಳು, ಊರು ಬಿಟ್ಟ ಮಕ್ಕಳು. ನಮ್ಮ ಐನ್‌ಮನೆಯ ಕಥೆಯೇ ಅಲ್ವಾ? ಕೊಡಗಿನವರು ಈ ಕೋರ್ಸನ್ನು ಗಂಭೀರವಾಗಿ ನೋಡಬೇಕು ಎಂದು ನನ್ನ ಅನಿಸಿಕೆ.

ಯಾವ ಕಾಲೇಜಿಗೆ ಸೇರಿದರೂ ರಜೆಯಲ್ಲಿ ಕೇರಳಕ್ಕೆ ಹೋಗಿ ಬನ್ನಿ. ಆರನ್ಮುಳದ ವಾಸ್ತುವಿದ್ಯಾ ಗುರುಕುಲಂ ಸಾಂಪ್ರದಾಯಿಕ ಮರದ ಕಟ್ಟಡ ಮತ್ತು ಭಿತ್ತಿಚಿತ್ರ ಕಲಿಸುತ್ತದೆ. ಅಲ್ಲಿನ ನಡುವೆ ತೆರೆದ ಅಂಗಳ ಇರುವ ನಾಲುಕೆಟ್ಟು ಮನೆ ನೋಡಿದರೆ ನಮ್ಮ ನಡುಮುಟ್ಟ ಚೆನ್ನಾಗಿ ಅರ್ಥವಾಗುತ್ತದೆ. ಪೊನ್ನಂಪೇಟೆಯ ಅರಣ್ಯ ಕಾಲೇಜನ್ನೂ ಮರೆಯಬೇಡಿ. ಮರದ ಜಾತಿ ಗುರುತಿಸಲು ಬಲ್ಲವರು ಮನೆ ಬಾಗಿಲಲ್ಲೇ ಇದ್ದಾರೆ.

ಹೊರದೇಶಕ್ಕೆ ಹೋಗುವುದಾದರೆ

ಬ್ರಿಟನ್‌ನ ಕೋರ್ಸ್‌ಗಳು ಸಾಮಾನ್ಯವಾಗಿ ಒಂದು ವರ್ಷ. ಯಾರ್ಕ್‌ನಲ್ಲಿ ಇದು ಪುರಾತತ್ವ ವಿಭಾಗದಲ್ಲಿದೆ. ಕಟ್ಟಡವನ್ನು ಪದರ ಪದರವಾಗಿ ಓದುವ ಅಭ್ಯಾಸ ಅಲ್ಲಿ ಗಟ್ಟಿ. ಎಡಿನ್‌ಬರೊ ಮತ್ತು ಬಾತ್‌ನಲ್ಲೂ ಒಳ್ಳೆಯ ಹೆಸರಿದೆ. ಒಂದು ವರ್ಷ ಬೇಗ ಮುಗಿಯುತ್ತದೆ, ಖರ್ಚು ಕಡಿಮೆ. ಆದರೆ ಕೆಲಸದ ಅನುಭವ ಇಲ್ಲದೆ ಹೋದರೆ ಕಣ್ಣು ಬಿಡುವಷ್ಟರಲ್ಲಿ ಥೀಸಿಸ್ ಬಂದಿರುತ್ತದೆ.

ಅಮೆರಿಕದಲ್ಲಿ ಎರಡು ವರ್ಷ. ಕೊಲಂಬಿಯಾ ವಿಶ್ವವಿದ್ಯಾಲಯದ್ದು ಅಲ್ಲಿನ ಮೊದಲ ಕೋರ್ಸ್, 1964ರಲ್ಲಿ ಜೇಮ್ಸ್ ಮಾರ್ಸ್ಟನ್ ಫಿಚ್ ಶುರು ಮಾಡಿದ್ದು. ಪೆನ್ಸಿಲ್ವೇನಿಯಾದಲ್ಲಿ ಸಾಮಗ್ರಿ ಪ್ರಯೋಗಾಲಯದ ಕೆಲಸಕ್ಕೆ ಹೆಸರು. ಕಾರ್ನೆಲ್‌ನಲ್ಲಿ ಯೋಜನೆಯ ಕಡೆ ಒತ್ತು. ಟೆಕ್ಸಸ್ ಆಸ್ಟಿನ್‌ನಂಥ ಸರ್ಕಾರಿ ವಿಶ್ವವಿದ್ಯಾಲಯಗಳೂ ಇವೆ.

ಯುರೋಪಿನಲ್ಲಿ ಬೆಲ್ಜಿಯಂನ ಲ್ಯೂವೆನ್‌ನ ಕೇಂದ್ರ 1976ರಲ್ಲಿ ಬ್ರೂಜ್ ಊರಿನಲ್ಲಿ ಶುರುವಾಯಿತು. ವೆನಿಸ್ ಸನ್ನದು ಬರೆಯುವಲ್ಲಿ ದೊಡ್ಡ ಪಾತ್ರ ವಹಿಸಿದ ರೇಮಂಡ್ ಲೆಮೇರ್ ಕಟ್ಟಿದ ಕೇಂದ್ರ ಅದು. ಹಳೆ ಕಟ್ಟಡದ ರಚನಾ ಎಂಜಿನಿಯರಿಂಗ್ ಬೇಕು ಅನ್ನುವವರಿಗೆ ಪೋರ್ಚುಗಲ್‌ನ ಮಿನ್ಯೊ, ಬಾರ್ಸಿಲೋನಾ, ಪಾಡುವಾ, ಪ್ರಾಗ್ ಸೇರಿ ನಡೆಸುವ ಒಂದು ವರ್ಷದ ಕೋರ್ಸ್ ಇದೆ. ಮರವೇ ನಿಮ್ಮ ವಿಷಯ ಆದರೆ ಇನ್ನೊಂದನ್ನು ಬರೆದಿಟ್ಟುಕೊಳ್ಳಿ: ಪರಂಪರೆ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ರೋಮ್‌ನ ಇಕ್ರೋಮ್ 1984ರಿಂದ ನಾರ್ವೆಯಲ್ಲಿ ಮರದ ಸಂರಕ್ಷಣೆಯ ಕಿರು ಕೋರ್ಸ್ ನಡೆಸುತ್ತಾ ಬಂದಿದೆ. ಅದು ಪದವಿ ಅಲ್ಲ, ಕೆಲವು ವರ್ಷ ಕೆಲಸ ಮಾಡಿದವರಿಗೆ. ಪದವಿ ಇಲ್ಲಿ ಮುಗಿಸಿ, ಆಮೇಲೆ ಅಲ್ಲಿಗೆ ಹೋಗುವ ದಾರಿ ತುಂಬ ಜನಕ್ಕೆ ಹೊಂದುತ್ತದೆ.

ಹಣದ ಮಾತು

ಇದನ್ನು ಮನೆಯಲ್ಲಿ ಮೊದಲೇ ಮಾತಾಡಿ. ಅಮೆರಿಕದ ದೊಡ್ಡ ಖಾಸಗಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷಕ್ಕೆ ಶುಲ್ಕ, ವಾಸ ಎಲ್ಲ ಸೇರಿ ಕೋಟಿ ರೂಪಾಯಿ ದಾಟುತ್ತದೆ. ಈ ಕ್ಷೇತ್ರದ ಶುರುವಿನ ಸಂಬಳದಲ್ಲಿ ಅಂಥ ಸಾಲ ತೀರಿಸುವುದು ಕಷ್ಟ. ತೋಟ ಅಡವಿಟ್ಟು ಹೋಗಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಮನೆ ಉಳಿಸಲು ಕಲಿಯಲು ಹೋಗಿ ನೆಲ ಕಳೆದುಕೊಂಡರೆ ಏನು ಬಂತು?

ವಿದ್ಯಾರ್ಥಿವೇತನ ಇವೆ. ಬ್ರಿಟನ್‌ಗೆ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ಕಲೆ ಮತ್ತು ಪರಂಪರೆ ಸಂರಕ್ಷಣೆಯವರಿಗೆ ನೆರವು ಕೊಡುತ್ತದೆ. ಬ್ರಿಟನ್ ಸರ್ಕಾರದ ಚೀವ್ನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ಬೇಕು. ಅಮೆರಿಕಕ್ಕೆ ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್‌ಗೆ ಮೂರು ವರ್ಷ ಬೇಕು, ಅದರ ವಿಷಯಗಳಲ್ಲಿ ಪರಂಪರೆ ಸಂರಕ್ಷಣೆಯೂ ಸೇರಿದೆ. ಚೀವ್ನಿಂಗ್, ಫುಲ್‌ಬ್ರೈಟ್ ಎರಡರಲ್ಲೂ ಓದು ಮುಗಿಸಿ ದೇಶಕ್ಕೆ ಮರಳಬೇಕೆಂಬ ಷರತ್ತಿದೆ. ಊರಿಗೆ ಬರಲೆಂದೇ ಓದುವವರಿಗೆ ಅದು ಭಾರವಲ್ಲ. ಅಂದರೆ ಬಿ.ಆರ್ಕ್ ಮುಗಿದ ಮೇಲೆ ಎರಡು ಮೂರು ವರ್ಷ ಸಂರಕ್ಷಣೆಯ ಕಚೇರಿಯಲ್ಲಿ ಕೆಲಸ ಮಾಡುವುದು ಎಲ್ಲ ರೀತಿಯಲ್ಲೂ ಲಾಭ.

ಅಲ್ಲಿ ಓದುತ್ತಿರುವವರನ್ನು ಕೇಳಿ

ಕಾಲೇಜಿನ ಕಚೇರಿಗಿಂತ ಈಗ ಓದುತ್ತಿರುವ ಇಬ್ಬರು ವಿದ್ಯಾರ್ಥಿಗಳ ಮಾತು ಹೆಚ್ಚು ಉಪಯೋಗ. "ಹೇಗಿದೆ?" ಎಂದು ಸುಮ್ನೆ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಕಳೆದ ತಿಂಗಳು ಎಷ್ಟು ದಿನ ಸೈಟ್‌ನಲ್ಲಿದ್ರಿ? ಪ್ರಯೋಗಾಲಯದ ಬೀಗದ ಕೈ ಯಾರ ಹತ್ತಿರ ಇದೆ? ಹೆಸರು ಹಾಕಿರುವ ದೊಡ್ಡ ಪ್ರಾಧ್ಯಾಪಕರು ವಾರಕ್ಕೆ ಎಷ್ಟು ಸಲ ಸಿಗುತ್ತಾರೆ? ಹೋದ ವರ್ಷ ಮುಗಿಸಿದವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಕೊನೆಗೆ ನಮ್ಮ ಕಂಬದ ಫೋಟೊ ಕಳಿಸಿ, "ಇದಕ್ಕೆ ನೀವು ಏನು ಮಾಡ್ತೀರಿ?" ಎಂದು ಕೇಳಿ. ನೆಂಟರ ಹುಡುಗಿ ಹಾಗೆ ಕೇಳಿದಳು. ಒಬ್ಬರು ಕೂಡಲೇ ಹೊಸ ಕಂಬದ ಅಳತೆ ಕೇಳಿದರು. ಇನ್ನೊಬ್ಬರು, "ನೆಲದ ಫೋಟೊನೂ ಕಳಿಸಿ, ನೀರು ಎಲ್ಲಿ ನಿಲ್ಲುತ್ತೆ?" ಎಂದರು. ಅವಳ ಪಟ್ಟಿಯಲ್ಲಿ ಎರಡನೆಯವರ ಕಾಲೇಜು ಮೇಲೆ ಹೋಯಿತು.

ವರ್ಷದ ಲೆಕ್ಕ

ಸೆಪ್ಟೆಂಬರ್‌ನ ಕೈಲ್‌ಪೋಳ್ದ್ ಹಬ್ಬದ ಹೊತ್ತಿಗೆ ಗೇಟ್ ಅರ್ಜಿ ತೆರೆದಿರುತ್ತದೆ. ಚೀವ್ನಿಂಗ್ ಅರ್ಜಿಯೂ ಆಗಸ್ಟ್‌ನಿಂದ ಅಕ್ಟೋಬರ್ ನಡುವೆ. ಅಮೆರಿಕದ ಅರ್ಜಿಗಳ ಗಡುವು ಹೆಚ್ಚಾಗಿ ಡಿಸೆಂಬರ್, ಜನವರಿ. ಫೆಬ್ರವರಿಯಲ್ಲಿ ರೊಬಸ್ಟಾ ಕೊಯ್ಲಿನ ಗಡಿಬಿಡಿಯಲ್ಲೇ ಗೇಟ್ ಪರೀಕ್ಷೆ. ಮನೆಯವರಿಗೆ ಮೊದಲೇ ಹೇಳಿಡಿ. ಹೂಮಳೆ ಬರುವ ಮಾರ್ಚ್‌ನಲ್ಲಿ ಫಲಿತಾಂಶ.

ಬಹಳ ಕಡೆ ಪೋರ್ಟ್‌ಫೋಲಿಯೊ (ನೀವು ಮಾಡಿದ ಕೆಲಸಗಳ ಸಂಗ್ರಹ) ಕೇಳುತ್ತಾರೆ. ಹೊಸ ಏರ್‌ಪೋರ್ಟ್, ಹೊಸ ಮಾಲ್‌ನ ಬಣ್ಣದ ಚಿತ್ರಗಳ ನಡುವೆ ನಿಮ್ಮದೇ ಕೈಯಿಂದ ಅಳೆದ ಒಂದು ಹಳೆ ಮನೆಯ ನಕ್ಷೆ ಇರಲಿ. ಎಲ್ಲಿ ಬಿರುಕು, ಎಲ್ಲಿ ತೇವ, ಎಲ್ಲಿ ಗೆದ್ದಲು ಎಂದು ಗುರುತು ಮಾಡಿರುವ ನಕ್ಷೆ. ಅದೇ ನಿಮ್ಮ ಅರ್ಜಿಯ ಜೀವ. ಅಳೆಯಲು ಮಳೆ ಬಿಟ್ಟ ನವೆಂಬರ್ ಒಳ್ಳೆಯ ಸಮಯ, ಮಳೆಗಾಲದ ಕಲೆಗಳು ಗೋಡೆಯಲ್ಲಿ ಇನ್ನೂ ಕಾಣುತ್ತವೆ. ಪಟ್ಟೆದಾರರ ಒಪ್ಪಿಗೆ ಕೇಳಿ, ಕನ್ನಿ ಕೊಂಬರೆಗೆ ಹೋಗಬಹುದಾ ಎಂದು ಬೇರೆಯಾಗಿ ಕೇಳಿ. ಬೇಡ ಅಂದರೆ ನಕ್ಷೆಯಲ್ಲಿ ಆ ಕೋಣೆಯನ್ನು ಖಾಲಿ ಬಿಡಿ, ಏಕೆ ಖಾಲಿ ಎಂದು ಪಕ್ಕದಲ್ಲಿ ಬರೆಯಿರಿ.

ಹುಡುಗಿ ಸುಗ್ಗಿ ಹಬ್ಬ ಪುತ್ತರಿಗೆ ಬಂದಾಗ ಟೇಪ್ ತಂದಿದ್ದಳು. ಒಕ್ಕದವರೆಲ್ಲ ಸೇರಿದ್ದರು. ಟೇಪಿನ ಇನ್ನೊಂದು ತುದಿ ಹಿಡಿಯಲು ಚಿಕ್ಕ ಹುಡುಗರು ಜಗಳ ಆಡಿದರು. ಮೂಲೆಯ ಕಂಬ ಬುಡದಿಂದ ತೊಲೆಯವರೆಗೆ ಏಳು ಅಡಿ ಎರಡು ಇಂಚು. ಅದರಲ್ಲಿ ಕೊಳೆತದ್ದು ಒಂಬತ್ತು ಇಂಚು ಮಾತ್ರ.